ಪೋಕೆಮಾನ್ ಆಟದ ತಳಿ ಸಾಕಣೆಯೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕಲೆತಲ್ಲೆಲ್ಲ ಮಾತು ಕಟ್ಟಕಡೆಗೆ ಮಕ್ಕಳ ವಿಷಯಕ್ಕೆ ಬಂದು ನಿಲ್ಲುವುದು ವಾಡಿಕೆ. ಮಕ್ಕಳ ಮಾತು ಬಂದರೆ ಅವರ ಕೈಯಲ್ಲಿರುವ ಆಟದ ಯಂತ್ರದ ಮಾತು ಬಾರದೆ ಇರದು. ಅಂಥ ಆಟಗಳಲ್ಲಿ ಒಂದರ ಮೇಲೆ ತಾಯಂದಿರ ದೂರು ವಿಶೇಷವಾದುದು. ಹುಡುಗಿ ಪಾಠದ ಪುಸ್ತಕವನ್ನು ಮುಟ್ಟುವುದಿಲ್ಲ, ಊಟಕ್ಕೆ ಕರೆದರೆ ಏಳುವುದಿಲ್ಲ, ಪೋಕೆಮಾನ್ ಎಂಬ ಪ್ರಾಣಿಗಳಿಂದ ಮೊಟ್ಟೆಯಿಡಿಸಿ, ಆ ಮೊಟ್ಟೆ ಒಡೆಯಲೆಂದು ಒಂದೇ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಅಲೆಯುತ್ತ ಕುಳಿತಿರುತ್ತಾಳೆ, ಇದರಿಂದ ಆಗುವ ಪ್ರಯೋಜನವಾದರೂ ಏನು, ಎಂಬುದೇ ಆ ದೂರು. ಈ ಪ್ರಶ್ನೆಯನ್ನು ನಾವೂ ಒಂದು ಕಾಲಕ್ಕೆ ಕೇಳಿದವರೇ. ಕೇಳಿದ್ದಲ್ಲದೆ, ಹಿರಿಯರೆಂಬ ಅಧಿಕಾರದಿಂದ ತೀರ್ಪನ್ನೂ ಕೊಟ್ಟವರು. ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಪಾಲಿಗೆ ದೊರೆತ ಕೆಲವು ಪುಟಗಳನ್ನು ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಉಪಯೋಗಿಸಬೇಕೆಂದಿದ್ದೇವೆ.

ಈ ಆಟದ ಎಲ್ಲ ಅಂಗಗಳ ಪರವಾಗಿಯೂ ವಾದಿಸಲು ನಾವು ಹೊರಟಿಲ್ಲವೆಂಬುದನ್ನು ಮೊದಲೇ ತಿಳಿಸುವುದು ಯುಕ್ತ. ಪ್ರಾಣಿಗಳನ್ನು ಒಂದರ ಮೇಲೊಂದು ಕಾದಾಡಿಸುವುದು ನಮಗೆ ಇಂದಿಗೂ ರುಚಿಸದು. ಆಟದ ಹೆಸರಿನಲ್ಲಿ ಮಾರಾಟವಾಗುವ ಬೊಂಬೆಗಳೂ ಚಿತ್ರದ ಕಾರ್ಡುಗಳೂ ತಂದೆತಾಯಿಗಳ ಕಿಸೆಗೆ ಎಷ್ಟು ಭಾರವೆಂಬುದನ್ನು ಬಲ್ಲೆವು. ಆದರೆ ಆ ಆಟದೊಳಗೆ ತಳಿ ಬೆಳೆಸುವುದೆಂಬ ಒಂದು ಭಾಗವುಂಟಷ್ಟೆ. ಅದು ವ್ಯರ್ಥ ಕಾಲಹರಣವಲ್ಲವೆಂದೂ, ಬುದ್ಧಿಯುಳ್ಳ ಹುಡುಗಿಯ ಕೈಯಲ್ಲಿ ಅದು ಒಂದು ಒಳ್ಳೆಯ ಅಭ್ಯಾಸವೆಂದೂ ನಮ್ಮ ದೃಢವಾದ ಅಭಿಪ್ರಾಯ. ನಮ್ಮ ಓದುಗರಲ್ಲಿ ಅನೇಕರು ಈ ಆಟವನ್ನು ದೂರದಿಂದ ಮಾತ್ರ ಕಂಡವರಾದ್ದರಿಂದ ಅದರ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕಾಗಿದೆ.

ಇದು ಜಪಾನ್ ದೇಶದಲ್ಲಿ ಹುಟ್ಟಿದ ಆಟ. ಸತೋಶಿ ತಾಜಿರಿ ಎಂಬವರು ತೋಕಿಯೋ ನಗರದ ಹೊರವಲಯದಲ್ಲಿ ಬೆಳೆದರು. ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವುದೇ ಅವರ ವ್ಯಸನ. ಹೊಲಗದ್ದೆಗಳೂ ಕೆರೆಕುಂಟೆಗಳೂ ಕಟ್ಟಡಗಳಡಿಯಲ್ಲಿ ಮುಚ್ಚಿಹೋದ ಮೇಲೆ ಹುಟ್ಟುವ ಮಕ್ಕಳಿಗೂ ಆ ಸಂತೋಷ ದೊರೆಯಲೆಂದು ಅವರು ಆಲೋಚಿಸಿದ ಆಟವು 1996ನೆಯ ಇಸವಿ ಫೆಬ್ರುವರಿ 27ರಂದು ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಹೊರಬಂದಿತು. ಆಗ ಅದರಲ್ಲಿದ್ದ ಪ್ರಾಣಿಜಾತಿಗಳು 151. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಮಕ್ಕಳು ತಂತಮ್ಮ ಪ್ರಾಣಿಗಳನ್ನು ಬದಲಾಯಿಸಿಕೊಳ್ಳಬಹುದಾಗಿತ್ತು. 1999ರಲ್ಲಿ ಹೊರಬಂದ ಗೋಲ್ಡ್ ಮತ್ತು ಸಿಲ್ವರ್ ಎಂಬ ಮುಂದಿನ ಆಟಗಳಲ್ಲಿ ಗಂಡುಹೆಣ್ಣೆಂಬ ಭೇದವೂ ಮೊಟ್ಟೆಯೂ ಸೇರಿದವು. ಊರಾಚೆ ಒಬ್ಬ ಮುದುಕನೂ ಮುದುಕಿಯೂ ನಡೆಸುವ ಸಾಕುಮನೆಯೊಂದುಂಟು. ಹೊಂದುವ ಎರಡು ಪ್ರಾಣಿಗಳನ್ನು ಅವರ ವಶಕ್ಕೆ ಒಪ್ಪಿಸಿ ಆಟಗಾರಳು ತಿರುಗಾಡಿಕೊಂಡು ಬಂದರೆ ಒಂದು ಮೊಟ್ಟೆ ಕಾದಿರುತ್ತದೆ. ಅದನ್ನು ಹೊತ್ತು ನಡೆದರೆ ಮರಿ ಹೊರಬರುತ್ತದೆ. ಮ್ಯಾಜಿಕಾರ್ಪ್ ಎಂಬ ಮೀನಿನ ಮೊಟ್ಟೆಗೆ ಸಾವಿರದ ಮುನ್ನೂರು ಹೆಜ್ಜೆಯಷ್ಟು ಸಾಕಾದರೆ, ಡ್ರಾಟಿನಿ ಎಂಬ ಸರ್ಪಜಾತಿಯದಕ್ಕೆ ಹತ್ತು ಸಾವಿರ ಹೆಜ್ಜೆ ಬೇಕು. ಹುಡುಗಿಯರು ಒಂದೇ ಬೀದಿಯಲ್ಲಿ ಅಲೆಯುವುದೇಕೆಂಬುದು ಈಗ ತಿಳಿಯಿತಲ್ಲವೆ?

ಇನ್ನು ನಮ್ಮ ಅಪರಾಧದ ಕಥೆ. ಕೆಲವು ವರ್ಷಗಳ ಕೆಳಗೆ ಬೇಸಗೆಯ ರಜೆಯಲ್ಲಿ ನಮ್ಮ ತಂಗಿಯ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಆಗ ಆಕೆಗೆ ಹದಿಮೂರು ವಯಸ್ಸು. 2013ರಲ್ಲಿ ಬಂದ ಪೋಕೆಮಾನ್ ಎಕ್ಸ್ ಎಂಬ ಆಟವೂ ಅದನ್ನಾಡುವ ಮಡಿಸುವ ಯಂತ್ರವೂ ಆಕೆಯ ಸಂಗಡ ಬಂದಿದ್ದವು. ಒಂದು ಮಧ್ಯಾಹ್ನ ಆಕೆಯ ಗಣಿತದ ಪುಸ್ತಕವನ್ನು ತಿರುವಿಹಾಕಿದಾಗ ಹಿಂದಿನ ಪುಟಗಳಲ್ಲಿ ಗಂ, ಗಂ, ಗಂ, ಎಂಬ ಅಕ್ಷರಗಳ ಸಾಲೂ, ಪಕ್ಕದಲ್ಲಿ ಅಂಕೆಗಳೂ, ಅಡ್ಡಗೆರೆಗಳೂ, ಸುತ್ತು ಹಾಕಿದ ಗುರುತುಗಳೂ ಕಾಣಿಸಿದವು. ಓಸಿ ಆಡುವವರ ಚೀಟಿಯನ್ನು ಎಲ್ಲಿಯೋ ಕಂಡಿದ್ದ ನಮಗೆ ಇದೂ ಅಂಥದೇ ಎಂದು ತೋರಿ ಎದೆ ಧಸಕ್ಕೆಂದಿತು. ವಿಚಾರಿಸಲಾಗಿ, ಮೊಟ್ಟೆಗಳ ಲೆಕ್ಕವೆಂದಳು. ಗಣಿತದ ಪುಸ್ತಕವನ್ನು ಆಟಕ್ಕೆ ಹಾಳುಮಾಡಿದ್ದಕ್ಕಾಗಿ ಕಠಿಣವಾಗಿ ಮಾತನಾಡಿ, ಯಂತ್ರವನ್ನೂ ಪುಸ್ತಕವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಹುಡುಗಿ ಅಳಲಿಲ್ಲ. ರಾತ್ರಿ ಊಟವಾದ ಮೇಲೆ ಮೆಲ್ಲಗೆ ಬಂದು, "ದೊಡ್ಡಜ್ಜಿ, ಮೆಷಿನ್ ನಿಮ್ಮ ಹತ್ರಾನೇ ಇರಲಿ. ಒಳಗಿರೋ ಮೊಟ್ಟೆ ಕೆಟ್ಟುಹೋಗಲ್ಲ. ಪುಸ್ತಕ ಮಾತ್ರ ಕೊಡಿ, ಲೆಕ್ಕ ಮರೆತುಹೋದ್ರೆ ಮತ್ತೆ ಮೊದಲಿಂದ ಶುರುಮಾಡಬೇಕು" ಎಂದಳು.

ಆಟವನ್ನು ಬಿಟ್ಟರೂ ಲೆಕ್ಕವನ್ನು ಬಿಡಲೊಲ್ಲದ ಈ ಹಟ ನಮ್ಮನ್ನು ಯೋಚನೆಗೆ ಹಚ್ಚಿತು. ಪುಸ್ತಕವನ್ನು ದೀಪದಡಿಯಲ್ಲಿ ಹಿಡಿದು ನಿಧಾನವಾಗಿ ನೋಡಿದೆವು. ನಾವು ಇದೇ ಶಾಲೆಯಲ್ಲಿ ಓದಿ, ಅನಂತರ ಇಲ್ಲಿಯೇ ಬಹುಕಾಲ ಜೀವಶಾಸ್ತ್ರವನ್ನು ಬೋಧಿಸಿದವರು. ಮೆಂಡೆಲ್ ಮಹಾಶಯನು 1866ರಲ್ಲಿ ಪ್ರಕಟಿಸಿದ ಬಟಾಣಿ ಗಿಡಗಳ ಪ್ರಯೋಗವನ್ನು ವರ್ಷಕ್ಕೊಮ್ಮೆ ಕರಿಯ ಹಲಗೆಯ ಮೇಲೆ ಬರೆದು, ವಿದ್ಯಾರ್ಥಿನಿಯರು ಅದನ್ನು ಹಾಗೆಯೇ ಇಳಿಸಿಕೊಂಡು, ಪರೀಕ್ಷೆಯಲ್ಲಿ ಒಪ್ಪಿಸಿ, ಮರುದಿನ ಮರೆಯುವುದನ್ನು ಕಂಡು ನಿಟ್ಟುಸಿರಿಟ್ಟವರು. ತಾನಾಗಿ ಪೀಳಿಗೆಯ ಪಟ್ಟಿಯನ್ನು ಬರೆದಿಟ್ಟ ಹುಡುಗಿ ನಮ್ಮ ಅಷ್ಟು ವರ್ಷಗಳ ಅಧ್ಯಾಪನದಲ್ಲಿ ಒಬ್ಬಳೂ ಸಿಕ್ಕಿರಲಿಲ್ಲ. ಇಲ್ಲಿ ಒಬ್ಬಳು, ಯಾರೂ ಹೇಳದೆ, ತಂದೆ ಯಾರು, ತಾಯಿ ಯಾರು, ಯಾವ ಗುಣ ಯಾರಿಂದ ಬಂದಿತು, ಯಾವುದು ಬರಲಿಲ್ಲ ಎಂಬುದನ್ನು ನಾಲ್ಕು ಪೀಳಿಗೆಗಳ ತನಕ ಬರೆದಿಟ್ಟಿದ್ದಳು. ಅದನ್ನು ನಾವು ಬೀರುವಿನೊಳಗೆ ಹಾಕಿ ಬೀಗ ಹಾಕಿದ್ದೆವು.

ಮರುದಿನ ಬೆಳಿಗ್ಗೆ ಬೀಗ ತೆಗೆದು, ಪಕ್ಕದಲ್ಲಿ ಕುಳಿತು, ಕಲಿಸಿಕೊಡೆಂದು ಕೇಳಿದೆವು. ಆಕೆಯ ಉದ್ದೇಶವಿಷ್ಟು. ಬಾಲದ ತುದಿಯಲ್ಲಿ ಉರಿ ಹೊತ್ತಿರುವ ಚಾರ್ಮಾಂಡರ್ ಎಂಬ ಮರಿಗೆ ಡ್ರ್ಯಾಗನ್ ಡ್ಯಾನ್ಸ್ ಎಂಬ ಕುಣಿತದ ವಿದ್ಯೆಯನ್ನು ಹುಟ್ಟಿನಿಂದಲೇ ಬರುವಂತೆ ಮಾಡಬೇಕು. ಆ ವಿದ್ಯೆ ಅದರ ಜಾತಿಗೆ ಸಹಜವಾಗಿ ಬಾರದು. ಆದರೆ ಅದನ್ನು ಬಲ್ಲ ತಂದೆಯಿಂದ ಇಳಿದುಬರಬಹುದು. ಬಡ ಮೀನು ಮ್ಯಾಜಿಕಾರ್ಪ್ ಬೆಳೆದು ಗ್ಯಾರಡಾಸ್ ಎಂಬ ಭಾರಿ ಜಲಸರ್ಪವಾಗುತ್ತದೆ. ಅದು ಆ ಕುಣಿತವನ್ನು ಬಲ್ಲದು. ಮೀನಿಗೂ ಉರಿಯ ಮರಿಗೂ ನೋಟಕ್ಕೆ ಯಾವ ಸಂಬಂಧವೂ ಇಲ್ಲದಿದ್ದರೂ ಆಟದ ವಿಧಿಯಂತೆ ಎರಡೂ ಡ್ರ್ಯಾಗನ್ ಎಂಬ ಒಂದೇ ಮೊಟ್ಟೆಯ ಗುಂಪಿಗೆ ಸೇರಿದವು. ಹೀಗೆ ಯಾವುದು ಯಾವುದರೊಡನೆ ಕೂಡೀತೆಂಬುದನ್ನು ತಿಳಿಯಲು ನೂರಾರು ಜಾತಿಗಳ ವರ್ಗೀಕರಣವೇ ಬಾಯಿಗೆ ಬರಬೇಕು. ಆಕೆಗೆ ಬರುತ್ತಿತ್ತು. ಸಸ್ಯಗಳ ಕುಟುಂಬಗಳನ್ನು ಕಲಿಸಲು ನಾವು ಪಟ್ಟ ಪಾಡನ್ನು ನೆನೆದು ಸುಮ್ಮನಾದೆವು.

ಈಗ ಬಂದಿತು ತೊಡಕು. ಮರಿ ಯಾವ ಜಾತಿಯದೆಂಬುದನ್ನು ನಿರ್ಣಯಿಸುವವಳು ತಾಯಿ. ತಂದೆ ಮೀನಾಗಲಿ ಸರ್ಪವಾಗಲಿ, ತಾಯಿ ಚಾರ್ಮಾಂಡರ್ ಆದರೆ ಮಾತ್ರ ಮರಿ ಚಾರ್ಮಾಂಡರ್. ಆದಕಾರಣ ಹೆಣ್ಣು ಚಾರ್ಮಾಂಡರ್ ಬೇಕೇ ಬೇಕು. ಆಟದ ಪ್ರಾಧ್ಯಾಪಕನು ಹುಡುಗಿಗೆ ಕೊಟ್ಟಿದ್ದುದೋ ಗಂಡು. ಆ ಜಾತಿಯಲ್ಲಿ ಎಂಟರಲ್ಲಿ ಏಳು ಪಾಲು ಗಂಡೇ ಹುಟ್ಟುವುದು, ಹೆಣ್ಣು ಒಂದೇ ಪಾಲು. ಆಕೆ ಆ ಗಂಡನ್ನು ಡಿಟ್ಟೋ ಎಂಬ, ಸ್ವಂತ ರೂಪವಿಲ್ಲದೆ ಸಂಗಡವಿದ್ದವರ ರೂಪವನ್ನೇ ತಳೆಯುವ, ಪ್ರಾಯಶಃ ಎಲ್ಲ ಜಾತಿಗಳೊಡನೆಯೂ ಕೂಡುವ ಮುದ್ದೆಯೊಡನೆ ಸಾಕುಮನೆಯಲ್ಲಿಟ್ಟು, ಮೊಟ್ಟೆಯ ಮೇಲೆ ಮೊಟ್ಟೆ ಒಡೆಸಿದ್ದಳು. ನಾವು ಓಸಿಯ ಚೀಟಿಯೆಂದು ಭ್ರಮಿಸಿದ ಗಂ, ಗಂ, ಗಂ ಎಂಬುದು ಇದೇ. ಸಾಲಾಗಿ ಹದಿಮೂರು ಗಂಡು.

"ಹದಿಮೂರು ಆಯ್ತಲ್ಲ ದೊಡ್ಡಜ್ಜಿ, ಈಗ ಹೆಣ್ಣು ಬರಲೇಬೇಕು ಅಲ್ವಾ?" ಎಂದು ಕೇಳಿದಳು. ಬೇಕೆಂಬ ನಿಯಮವಿಲ್ಲ, ಹದಿನಾಲ್ಕನೆಯ ಮೊಟ್ಟೆಗೆ ಹಿಂದಿನ ಹದಿಮೂರರ ನೆನಪಿರುವುದಿಲ್ಲ, ಅದಕ್ಕೂ ಎಂಟರಲ್ಲಿ ಒಂದೇ ಪಾಲು, ಎಂದೆವು. ಆಕೆ ನಂಬಲಿಲ್ಲ. ಕಾಗದ ತೆಗೆದುಕೊಂಡು ಏಳನ್ನು ಎಂಟರಿಂದ ಭಾಗಿಸಿ, ಅದನ್ನು ಅದರಿಂದಲೇ ಹದಿಮೂರು ಬಾರಿ ಗುಣಿಸಿದೆವು. ನೂರಕ್ಕೆ ಹದಿನೇಳು ಹದಿನೆಂಟು ಸಲ ಹೀಗೆ ಹದಿಮೂರೂ ಗಂಡಾಗುವುದುಂಟೆಂದು ಲೆಕ್ಕ ಬಂದಿತು; ವಿಸ್ಮಯವೇನೂ ಅಲ್ಲ, ಆರು ಹುಡುಗಿಯರು ಈ ಕೆಲಸಕ್ಕೆ ಕುಳಿತರೆ ಅವರಲ್ಲಿ ಒಬ್ಬಳಿಗೆ ಇಂಥ ಗ್ರಹಚಾರ ಕಾದೇ ಇರುತ್ತದೆ. ಸಂಭವನೀಯತೆಯ ಪಾಠವನ್ನು ಇಷ್ಟು ಆಸ್ಥೆಯಿಂದ ಕೇಳಿದ ಶಿಷ್ಯೆಯನ್ನು ನಾವು ಮತ್ತೊಬ್ಬಳನ್ನು ಕಂಡಿಲ್ಲ. ಏಕೆಂದರೆ ಉತ್ತರದಿಂದ ಆಕೆಗೆ ಆಗಬೇಕಾದ ಕೆಲಸವಿತ್ತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಗಂಡು ಮಗುವಿಗಾಗಿ ಕಾಯುತ್ತ, ಮುಂದಿನದಾದರೂ ಗಂಡಾಗಲೆಂದು ಹೆಣ್ಣುಗಳ ಸಾಲನ್ನು ನಿಟ್ಟುಸಿರಿನಿಂದ ಎಣಿಸುವ ಮನೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಈ ಶಾಲೆಯ ಹಾಜರಿ ಪುಸ್ತಕದಲ್ಲಿ ‘ಸಾಕಮ್ಮ’ ಎಂಬ ಹೆಸರನ್ನು ಕೂಗುವಾಗಲೆಲ್ಲ, ಆ ಹೆಸರನ್ನು ಯಾಕೆ ಇಟ್ಟಿರಬಹುದೆಂದು ನಮಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಗರ್ಭಸ್ಥ ಶಿಶುವಿನ ಲಿಂಗವನ್ನು ಪತ್ತೆಮಾಡುವುದನ್ನು ನಿಷೇಧಿಸಲು 1994ರಲ್ಲಿ ಕಾನೂನನ್ನೇ ಮಾಡಬೇಕಾಗಿ ಬಂದ ದೇಶ ನಮ್ಮದು. ಅಂಥಲ್ಲಿ ಹುಡುಗಿಯೊಬ್ಬಳು ಹದಿಮೂರು ಗಂಡುಗಳನ್ನು ಒಂದರ ಹಿಂದೊಂದು ಬದಿಗಿಟ್ಟು, ಹೆಣ್ಣು ಹುಟ್ಟಲಿ ಹೆಣ್ಣು ಹುಟ್ಟಲಿ ಎಂದು ತುಟಿ ಕಚ್ಚಿ ಕಾಯುವ ದೃಶ್ಯವನ್ನು ನಾವು ಕಣ್ಣಾರೆ ಕಂಡೆವು. ಹದಿನಾಲ್ಕನೆಯದೇ ಹೆಣ್ಣಾಯಿತು. ಆಕೆ ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯಿತೆಂದು ಇಣುಕಿದರು. ಹೆಣ್ಣು ಹುಟ್ಟಿತೆಂದು ಹೇಳಿದೆವು.

ಹೆಣ್ಣು ದೊರೆತಲ್ಲಿಗೆ ಕೆಲಸ ಮುಗಿಯಲಿಲ್ಲ. ಪ್ರತಿಯೊಂದು ಪ್ರಾಣಿಗೂ ಆಯುರ್ಬಲ, ಹೊಡೆತ, ತಡೆತ, ವಿಶೇಷ ಹೊಡೆತ, ವಿಶೇಷ ತಡೆತ, ವೇಗ ಎಂಬ ಆರು ಗುಣಗಳುಂಟು. ಒಂದೊಂದಕ್ಕೂ ಹುಟ್ಟಿನಲ್ಲಿಯೇ ಸೊನ್ನೆಯಿಂದ 31ರ ತನಕ ಒಂದು ಅಂಕೆ ನಿಯತವಾಗಿರುತ್ತದೆ. ಆರರಲ್ಲಿಯೂ 31 ಇರುವ ಪ್ರಾಣಿ ಕೇವಲ ದೈವಯೋಗದಿಂದ ಸಿಕ್ಕಬೇಕಾದರೆ ಅದಕ್ಕೆ 107 ಕೋಟಿ 37 ಲಕ್ಷ 41 ಸಾವಿರದ 824ರಲ್ಲಿ ಒಂದು ಅವಕಾಶ. ಹಗಲಿರುಳು ಹುಡುಕಿದರೂ ಒಂದು ಆಯುಷ್ಯ ಸಾಲದು. ಆದರೆ ತಳಿ ಬೆಳೆಸುವವಳು ದೈವವನ್ನು ಕಾಯುವುದಿಲ್ಲ. ತಂದೆತಾಯಿಗಳ ಕೆಲವು ಅಂಕೆಗಳು ಮರಿಗೆ ಇಳಿಯುತ್ತವೆ, ಸಾಧಾರಣವಾಗಿ ಮೂರು. ಡೆಸ್ಟಿನಿ ನಾಟ್ ಎಂಬ ಕೆಂಪು ದಾರವೊಂದನ್ನು ತಂದೆಗಾಗಲಿ ತಾಯಿಗಾಗಲಿ ಹಿಡಿಸಿದರೆ, 2013ರ ಆಟದಿಂದೀಚೆಗೆ ಐದು ಇಳಿಯುತ್ತವೆ. ವಿಧಿಯ ಗಂಟೆಂದು ಅದರ ಅರ್ಥ; ನಮ್ಮವರ ಬ್ರಹ್ಮಗಂಟೇ ಇದೆಂದು ನಾವು ನಕ್ಕೆವು. ಎರಡು ಗುಣಗಳಲ್ಲಿ ಉತ್ತಮವಾದ ತಂದೆ, ಬೇರೆ ಎರಡರಲ್ಲಿ ಉತ್ತಮಳಾದ ತಾಯಿ, ಇವರ ಮರಿಗಳಲ್ಲಿ ಮೂರು ಉತ್ತಮಗುಣಗಳು ಕೂಡಿದ ಒಂದು. ಅದು ಬೆಳೆದು ತಂದೆಯ ಸ್ಥಾನಕ್ಕೆ ಬರುತ್ತದೆ. ಅದರ ಮರಿಗಳಲ್ಲಿ ನಾಲ್ಕು ಗುಣಗಳುಳ್ಳದ್ದು ಮುಂದಿನ ತಾಯಿ. ಹೀಗೆ ಆರಿಸಿ ಆರಿಸಿ ಏರಿದರೆ, ಆರರಲ್ಲಿಯೂ ಪೂರ್ಣವಾದ ತಂದೆತಾಯಿಗಳಿಗೆ ಪೂರ್ಣವಾದ ಮರಿ ಹುಟ್ಟುವ ಅವಕಾಶ 32ರಲ್ಲಿ ಒಂದು. ನೂರು ಕೋಟಿಯನ್ನು ಮೂವತ್ತೆರಡಕ್ಕೆ ಇಳಿಸಿದ್ದು ಅದೃಷ್ಟವಲ್ಲ, ಪೀಳಿಗೆಯಿಂದ ಪೀಳಿಗೆಗೆ ಸ್ವಲ್ಪ ಸ್ವಲ್ಪವನ್ನು ಉಳಿಸಿಕೊಂಡು ಹೋದ ಜಾಣತನ. ಡಾರ್ವಿನ್ನನು 1859ರ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿ ಪಾರಿವಾಳ ಸಾಕುವವರನ್ನು ಕುರಿತು ಅಷ್ಟು ವಿಸ್ತಾರವಾಗಿ ಬರೆದುದು ಈ ಸಂಗತಿಯನ್ನು ಮನಗಾಣಿಸುವುದಕ್ಕಾಗಿಯೇ. ಅವನು ತಾನೂ ಪಾರಿವಾಳಗಳನ್ನು ಸಾಕಿದ್ದನು. ಓದಿದಾಗ ಅರ್ಥವಾಯಿತೆಂದುಕೊಂಡ ನಮಗೆ ನಿಜವಾಗಿ ಅರ್ಥವಾದುದು ಆ ಬೆಳಿಗ್ಗೆ.

ರೇಷ್ಮೆಯ ಸೀಮೆಯಿಂದ ಬಂದ ಓದುಗರಿಗೆ ಇದು ಹೊಸದೇನೂ ಅಲ್ಲ. ಶುದ್ಧ ಮೈಸೂರು ತಳಿಯ ಹುಳು ನಮ್ಮ ಬಿಸಿಲನ್ನೂ ರೋಗವನ್ನೂ ತಾಳಿಕೊಳ್ಳುತ್ತದೆ, ನೂಲು ಮಾತ್ರ ಕಡಮೆ. ಶೀತದೇಶದ ದ್ವಿತಳಿ ಹುಳುವಿನ ನೂಲು ಹೆಚ್ಚು, ಪ್ರಾಣ ಮಾತ್ರ ಸುಕುಮಾರ. ಮೈಸೂರು ತಳಿಯ ಹೆಣ್ಣಿಗೂ ದ್ವಿತಳಿಯ ಗಂಡಿಗೂ ಸಂಕರ ಮಾಡಿ ಪಡೆದ ಮೊಟ್ಟೆಯಿಂದ ಬರುವುದೇ ಸಂತೆಯವರು ಸಿ.ಬಿ. ಗೂಡೆನ್ನುವುದು. ಮಾಗಡಿ, ಕುಣಿಗಲ್ಲುಗಳ ಕಡೆ ಶುದ್ಧ ತಳಿಯನ್ನು ಬಿತ್ತನೆಗಾಗಿಯೇ ಕಾಪಾಡಿಕೊಂಡು ಬಂದ ರೈತರುಂಟು. ಸಂಕರದ ಹುಳುವಿನ ಮೊಟ್ಟೆಯನ್ನೇ ಮತ್ತೆ ಸಾಕಿದರೆ ಮರಿಗಳು ಒಂದೊಂದು ಒಂದೊಂದು ಬಗೆಯಾಗುವುದರಿಂದ ಪ್ರತಿ ಸಲವೂ ಹೊಸ ಮೊಟ್ಟೆಯನ್ನು ಕೊಳ್ಳಬೇಕು. ಮೆಂಡೆಲ್ಲನ ನಿಯಮಗಳು ರೇಷ್ಮೆಹುಳುವಿಗೂ ಸಲ್ಲುತ್ತವೆಂದು 1906ರಲ್ಲಿ ಪ್ರಕಟಿಸಿದವರು ಜಪಾನಿನ ತೊಯಾಮಾ ಕಾಮೆತಾರೋ ಎಂಬ ವಿದ್ವಾಂಸರು. ಆ ದೇಶದ ಆಟವೊಂದು ತಂದೆತಾಯಿಗಳ ಗುಣವನ್ನು ಹಾಲುನೀರಿನಂತೆ ಬೆರಸದೆ, ಬಿಡಿಬಿಡಿಯಾಗಿ, ಇಡಿಯಾಗಿ ಮರಿಗೆ ದಾಟಿಸುವುದನ್ನು ಕಂಡಾಗ ನಮಗೆ ಅವರ ನೆನಪಾಯಿತು. ನಮ್ಮ ಹುಡುಗಿ ರಜೆಯ ಕೊನೆಯಲ್ಲಿ ತನ್ನ ತಾತನ ಹಿಪ್ಪುನೇರಳೆ ತೋಟಕ್ಕೆ ಹೋದವಳು, ಚಂದ್ರಿಕೆಯ ಮುಂದೆ ನಿಂತು, ಇವುಗಳ ತಾಯಿ ಯಾವುದು ತಂದೆ ಯಾವುದು ಎಂದು ಕೇಳಿದಳಂತೆ. ಹನ್ನೆರಡು ವರ್ಷ ಅದೇ ಮನೆಗೆ ಬಂದುಹೋಗುತ್ತಿದ್ದರೂ ಅದಕ್ಕೆ ಮೊದಲು ಆಕೆ ಆ ಪ್ರಶ್ನೆಯನ್ನು ಕೇಳಿರಲಿಲ್ಲ.

ಆಟವು ಸುಳ್ಳು ಹೇಳುವ ಸ್ಥಳಗಳೂ ಉಂಟು. ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಅದರಲ್ಲಿ ಅಣ್ಣತಂಗಿಯರನ್ನಾಗಲಿ ತಾಯಿಮಗನನ್ನಾಗಲಿ ಕೂಡಿಸಿದರೂ ಮರಿಗಳಿಗೆ ಕೇಡಿಲ್ಲ. 1999ರ ಆಟಗಳಲ್ಲಿ ನೆಂಟರೆಂದು ಕಂಡುಬಂದವುಗಳಿಗೆ ಮೊಟ್ಟೆಯಾಗದಂತೆ ಒಂದು ತಡೆಯಿತ್ತು. ಬಳಿಕ ಅದನ್ನು ತೆಗೆದುಹಾಕಿದರು. ಜೀವಲೋಕದಲ್ಲಿ ಹಾಗಿಲ್ಲ. ಒಡಹುಟ್ಟಿದವರೊಳಗೆ ಬೆಳೆಸಿದ ತಳಿಯಲ್ಲಿ ಅಡಗಿದ್ದ ದೋಷಗಳು ಹೊರಬರುತ್ತವೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಪದ್ಧತಿ ಇನ್ನೂ ಉಳಿದಿರುವ ನಮ್ಮ ಸೀಮೆಯಲ್ಲಿ ಈ ಭೇದವನ್ನು ಮಗಳಿಗೆ ಬಾಯಿಬಿಟ್ಟು ಹೇಳತಕ್ಕವರು ತಾಯಂದಿರು. ಆಟದ ನೆಪದಲ್ಲಿ ಆ ಮಾತು ಸುಲಭವಾಗಿ ಬರುತ್ತದೆ. ಬೇರೆ ನೆಪದಲ್ಲಿ ಬರುವುದು ಕಷ್ಟವೆಂಬುದು ನಮ್ಮ ಅನುಭವ.

ಇದಕ್ಕಿಂತ ಗುರುತರವಾದ ಆಕ್ಷೇಪವನ್ನು ನಮ್ಮ ಹಳೆಯ ಸಹಪಾಠಿಯೊಬ್ಬರು ಎತ್ತಿದರು. ಹುಟ್ಟಿದ ಮರಿಗಳನ್ನು ಅಂಕೆಯಿಂದ ತೂಗಿ, ಮೇಲಾದುದನ್ನು ಉಳಿಸಿ, ಮಿಕ್ಕುದನ್ನು ಕಳೆಯುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬಹುದೆ, ಎಂದು ಅವರ ಪ್ರಶ್ನೆ. ಬಣ್ಣವನ್ನೂ ಎತ್ತರವನ್ನೂ ಅಳೆದು, ನಡೆಸಿ ನೋಡಿ, ಹಾಡಿಸಿ ನೋಡಿ ತಿರಸ್ಕರಿಸಿದ ಹೆಣ್ಣುಮಕ್ಕಳು ನಮ್ಮ ತರಗತಿಗಳಲ್ಲಿ ಕಡಮೆಯಿರಲಿಲ್ಲ. ಆ ಸಹಪಾಠಿಯೂ ಅವರಲ್ಲಿ ಒಬ್ಬರು. ಆದ್ದರಿಂದ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗಲಿಲ್ಲ. ಜಪಾನಿನಲ್ಲಿಯೇ 1948ರಿಂದ 1996ರ ತನಕ ಒಂದು ಕಾನೂನು ಜಾರಿಯಲ್ಲಿದ್ದು, ‘ಕೀಳು ಸಂತಾನ’ವನ್ನು ತಡೆಯುವ ಹೆಸರಿನಲ್ಲಿ ಅಂಗವಿಕಲರೂ ರೋಗಿಗಳೂ ಸೇರಿ ಸುಮಾರು 25,000 ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು, ಬಹುಮಂದಿಗೆ ಅವರ ಸಮ್ಮತಿಯೇ ಇಲ್ಲದೆ. 2024ರ ಜುಲೈ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ಕಾನೂನು ಸಂವಿಧಾನವಿರುದ್ಧವಾಗಿತ್ತೆಂದು ತೀರ್ಪಿತ್ತಿತು. ಆ ಕಾನೂನು ರದ್ದಾದುದೂ ಈ ಆಟ ಹುಟ್ಟಿದುದೂ ಒಂದೇ ವರ್ಷ. ಇವೆರಡಕ್ಕೂ ಸಂಬಂಧವಿದೆಯೆಂದು ನಾವು ಹೇಳುವುದಿಲ್ಲ. ಆದರೆ ಎರಡನ್ನೂ ಒಬ್ಬಳೇ ಹುಡುಗಿಗೆ ಒಂದೇ ಸಂಜೆ ಹೇಳಬಹುದು, ಹೇಳಬೇಕು. ಪ್ರಾಣಿಯ ಅಂಕೆ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಸ್ವತಃ ನೂರು ಮರಿಗಳನ್ನು ತೂಗಿ ನೋಡಿದವಳು ತೂಗದವಳಿಗಿಂತ ಚೆನ್ನಾಗಿ ಬಲ್ಲಳೆಂದು ನಮ್ಮ ನಂಬಿಕೆ. ನಮ್ಮ ಸಹಪಾಠಿ ಇದನ್ನು ಒಪ್ಪಿಲ್ಲ. ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.

ಮಿಕ್ಕ ಮರಿಗಳ ಗತಿಯೇನಾಯಿತೆಂದು ನಾವೂ ಕೇಳಿದ್ದೆವು. ಕಾಡಿಗೆ ಬಿಟ್ಟುಬಿಡಲು ಆಟದಲ್ಲಿ ಅವಕಾಶವುಂಟು. ಹುಡುಗಿ ಹಾಗೆ ಮಾಡಿರಲಿಲ್ಲ. ಆಗ ವಂಡರ್ ಟ್ರೇಡ್ ಎಂಬ ಏರ್ಪಾಡಿತ್ತು: ಒಂದು ಪ್ರಾಣಿಯನ್ನು ಅಂತರಜಾಲಕ್ಕೆ ಒಪ್ಪಿಸಿದರೆ ಲೋಕದ ಯಾವುದೋ ಮೂಲೆಯ ಮಗುವಿಗೆ ಅದು ಸೇರಿ, ಆ ಮಗುವಿನದೊಂದು ಇಲ್ಲಿಗೆ ಬರುತ್ತಿತ್ತು, ಏನು ಬರುವುದೆಂದು ಮೊದಲೇ ತಿಳಿಯದು. ಆಕೆ ನಾಲ್ಕು ಗುಣ ತುಂಬಿದ, ಕುಣಿತ ಬಲ್ಲ ಮರಿಗಳನ್ನು ಹಾಗೆ ಕಳುಹಿಸುತ್ತಿದ್ದಳು. ಪ್ರತಿಯಾಗಿ ಹೆಚ್ಚಾಗಿ ದಾರಿಬದಿಯ ಗುಬ್ಬಚ್ಚಿಗಳೇ ಬರುತ್ತಿದ್ದವು. ನಷ್ಟವಲ್ಲವೆ ಎಂದುದಕ್ಕೆ, "ಅಲ್ಲಿ ಯಾರಾದ್ರೂ ಚಿಕ್ಕ ಮಗು ಇವತ್ತೇ ಆಟ ಶುರು ಮಾಡಿರುತ್ತೆ ದೊಡ್ಡಜ್ಜಿ" ಎಂದಳು. ಈ ಕೊಡುಕೊಳ್ಳುವಿಕೆಗೆ ಆಟದ ವಿಧಿಯಲ್ಲಿಯೂ ಒಂದು ಫಲವುಂಟು: ಬೇರೊಬ್ಬರಿಂದ ಬಂದ ಪ್ರಾಣಿಯನ್ನು ತನ್ನದರೊಡನೆ ಕೂಡಿಸಿದರೆ ಮೊಟ್ಟೆ ಬೇಗ ಆಗುತ್ತದೆ. ಪರಭಾಷೆಯ ಆಟದಿಂದ ಬಂದುದಾದರೆ, 2006ರಿಂದೀಚೆಗೆ, ಅಪರೂಪದ ಬಣ್ಣದ ಮರಿ ಹುಟ್ಟುವ ಅವಕಾಶವೂ ಹೆಚ್ಚು. ಎಕ್ಸ್ ಆಟದಲ್ಲಿ 4096ರಲ್ಲಿ ಒಂದಿದ್ದುದು ಸುಮಾರು 683ರಲ್ಲಿ ಒಂದಕ್ಕೆ ಬರುತ್ತದೆ. ಜಪಾನೀ ಹೆಸರಿನ ಡಿಟ್ಟೋ ಒಂದು ಆಕೆಯ ಬಳಿಗೆ ಬಂದಾಗ ಮನೆಯಲ್ಲಿ ಹಬ್ಬವೇ ಆಯಿತು. ಜಪಾನೀ, ಫ್ರೆಂಚ್, ಜರ್ಮನ್, ಕೊರಿಯನ್ ಎಲ್ಲವೂ ಇರುವ ಆ ಪಟ್ಟಿಯಲ್ಲಿ ಕನ್ನಡವಿಲ್ಲದ್ದು ನಮಗೆ ಇಂದಿಗೂ ಅಸಮಾಧಾನವೇ.

ತಂದೆತಾಯಿಗಳಿಗೆ ವ್ಯವಹಾರದ ಮಾತು ಎರಡು. ಆಟವನ್ನು ಒಮ್ಮೆ ಕೊಂಡ ಬಳಿಕ ಈ ತಳಿ ಸಾಕಣೆಗೆ ಬೇರೆ ಕಾಸು ಬೇಕಾಗಿಲ್ಲ. 2016ರಲ್ಲಿ ಬಂದ ಪೋಕೆಮಾನ್ ಗೋ ಎಂಬ ಫೋನಿನ ಆಟದಲ್ಲಿಯೂ ಮೊಟ್ಟೆಗಳುಂಟಾದರೂ ಅಲ್ಲಿ ತಂದೆತಾಯಿ ಪ್ರಾಣಿಗಳನ್ನು ಆರಿಸುವ ಕೆಲಸವಿಲ್ಲ; ಒಂದು ಕಾವುಪೆಟ್ಟಿಗೆಯನ್ನು ಬಿಟ್ಟಿಯಾಗಿ ಕೊಟ್ಟು, ಹೆಚ್ಚಿನವನ್ನು ಆಟದ ನಾಣ್ಯಕ್ಕೆ ಮಾರುತ್ತಾರೆ, ಆ ನಾಣ್ಯವನ್ನು ನಿಜವಾದ ಹಣಕ್ಕೂ ಮಾರುತ್ತಾರೆ. ಎರಡನ್ನೂ ಒಂದೇ ಎಂದು ಬಗೆಯಬಾರದು. ಇನ್ನು ಹೊತ್ತಿನ ವಿಷಯ. ಹೊತ್ತು ಹೋಗುವುದು ನಿಜ. ನಮ್ಮ ಮನೆಯಲ್ಲಿ ದಿನಕ್ಕೆ ಐದು ಮೊಟ್ಟೆಯೆಂದು ಕಟ್ಟುಮಾಡಿದೆವು, ಲೆಕ್ಕವನ್ನು ಬರೆದರೆ ಮಾತ್ರ ಆರನೆಯದು. ಗಡಿಯಾರ ನೋಡಿ ನಿಲ್ಲಿಸೆಂದರೆ ಆಗುತ್ತಿದ್ದ ಜಗಳ ಮೊಟ್ಟೆಯೆಣಿಸಿ ನಿಲ್ಲಿಸೆಂದಾಗ ಆಗಲಿಲ್ಲ.

ಈಚೆಯ ಆಟಗಳಲ್ಲಿ ಈ ಶ್ರಮವನ್ನು ಕಡಮೆಮಾಡುತ್ತ ಬಂದಿದ್ದಾರೆ. 2016ರ ಆಟಗಳಿಂದ, ಬೆಳೆದ ಪ್ರಾಣಿಯ ಕೊರತೆಯನ್ನು ಬೆಳ್ಳಿಯ ಅಥವಾ ಚಿನ್ನದ ಬಿರಡೆಯೊಂದನ್ನು ಕೊಟ್ಟು ತುಂಬಿಸಿಕೊಳ್ಳಬಹುದು. 2022ರ ಆಟಗಳಲ್ಲಿ ಸಾಕುಮನೆಯೇ ಇಲ್ಲ, ವನಭೋಜನಕ್ಕೆ ಕುಳಿತರೆ ಬುಟ್ಟಿಯಲ್ಲಿ ಮೊಟ್ಟೆ ಸಿಗುತ್ತದೆ. ತಂದೆಯಿಂದ ಬರಬೇಕಾಗಿದ್ದ ವಿದ್ಯೆಯನ್ನು ಮಿರರ್ ಹರ್ಬ್ ಎಂಬ ಸೊಪ್ಪಿನಿಂದ ಪಕ್ಕದಲ್ಲಿದ್ದವನಿಂದಲೇ ಕಲಿಯಬಹುದು. ಮಕ್ಕಳಿಗೆ ಅನುಕೂಲವಾಯಿತೆಂದು ಹೊಗಳುವವರುಂಟು. ನಾವು ಹೊಗಳಲಾರೆವು. ಆ ಮುದುಕ ಮುದುಕಿಯರ ಮನೆಯ ಮುಂದೆ ಹದಿಮೂರು ಸಲ ನಿರಾಶಳಾಗಿ ನಿಂತವಳು ಕಲಿತದ್ದನ್ನು ಬುಟ್ಟಿಯ ಮುಂದೆ ಕುಳಿತವಳು ಎಲ್ಲಿ ಕಲಿತಾಳು?

ಆ ಹುಡುಗಿ ಮುಂದೆ ಜೀವಶಾಸ್ತ್ರವನ್ನು ಓದಲಿಲ್ಲ; ನಮ್ಮ ಆಸೆ ಅದಾಗಿತ್ತು. ಈಗ ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಯಂತ್ರವನ್ನು ನಮ್ಮ ಮನೆಯಲ್ಲಿಯೇ ಬಿಟ್ಟಿದ್ದಾಳೆ. ಅದರ ಅಂತರಜಾಲದ ಸೇವೆ 2024ರ ಏಪ್ರಿಲಿನಲ್ಲಿ ನಿಂತುಹೋದ್ದರಿಂದ ಆಕೆ ಕಳುಹಿಸಿದ ಮರಿಗಳು ಎಲ್ಲೆಲ್ಲಿವೆಯೋ ಅಲ್ಲಲ್ಲಿಯೇ ಉಳಿದಿರಬೇಕು. ಹಬ್ಬಕ್ಕೆ ಬಂದಾಗ ಅದನ್ನು ಬೀರುವಿನಿಂದ ತೆಗೆದು, ಚಾರ್ಜಿಗೆ ಹಾಕಿ, ಸ್ವಲ್ಪ ಹೊತ್ತು ತೆರೆದು ನೋಡುತ್ತಾಳೆ. ಆರು ಗುಣಗಳೂ ತುಂಬಿದ ಚಾರ್ಮಾಂಡರ್ ಕೊನೆಗೂ ಹುಟ್ಟಿತ್ತು, ಎಪ್ಪತ್ತೊಂದನೆಯ ಮೊಟ್ಟೆಯಲ್ಲಿ. ಅದರ ಪಕ್ಕದ ಮನೆಯಲ್ಲಿ ಇನ್ನೊಂದಿದೆ. ಮರಿಗಳ ಗುಣ ಹೇಳುವ ಆಟದ ಪರೀಕ್ಷಕನು ಅದನ್ನು ನೋಡಿ ಸಾಧಾರಣವೆಂದು ಹೇಳಿ ಮುಗಿಸುತ್ತಾನೆ. ಹುಟ್ಟಿದಾಗ ಇದ್ದ ಒಂದನೆಯ ಮಟ್ಟದಲ್ಲಿಯೇ ಇಂದಿಗೂ ಇದೆ. ಕನ್ನಡದ ಅಕ್ಷರವಿಲ್ಲದ್ದರಿಂದ ರೋಮನ್ ಲಿಪಿಯಲ್ಲಿ ‘ಬೂದಿ’ ಎಂದು ಹೆಸರಿಟ್ಟಿದ್ದಾಳೆ. ಇದನ್ನೇಕೆ ಯಾರಿಗೂ ಕಳುಹಿಸಲಿಲ್ಲವೆಂದು ನಾವು ಹೋದ ವರ್ಷ ಕೇಳಿದೆವು.

"ಇವನು ಮೊದಲನೇ ಮೊಟ್ಟೆ, ದೊಡ್ಡಜ್ಜಿ. ನೀವು ಬೀಗ ಹಾಕಿದಾಗ ಇವನೂ ಒಳಗೇ ಇದ್ದ" ಎಂದಳು.